ಏಳನೇ ನಂಬರಿನ ಅಪ್ಪ

ಗೆಳೆಯರೇ, ಇವತ್ತು ದುಬೈನ ಅಲ್ ಕುಸೈಸಿನಲ್ಲಿರುವ ಕಾಲೇಜಿನ ಗೇಟಿನಲ್ಲಿ ಸುಳ್ಳು ಹೇಳಿದೆ. ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್ಲಿಗೆ ಆಟಗಾರರ ಮನೆಯವರಿಗೆ ಮಾತ್ರ ಪ್ರವೇಶವಂತೆ. ನನ್ನ ಮಗಳು ಅಲ್ಲಿ ಓದು ಮುಗಿಸಿ ಎರಡು ವರ್ಷವಾಯಿತು. ಆದರೂ, ಹೆಂಡತಿ ತೀರಿಕೊಂಡ ಮೇಲೆ ಶುಕ್ರವಾರ ಕಳೆಯಲು ನನಗಿರುವುದು ಆ ತಂಡವೊಂದೇ. ಈ ಸೀಸನ್ನಿನ ಒಂದು ಆಟವನ್ನೂ ತಪ್ಪಿಸಿಲ್ಲ.

“ನಿಮ್ಮ ಮಗನ ನಂಬರ್ ಎಷ್ಟು ಮಾರಾಯ್ರೆ?” ಎಂದರು ಉಡುಪಿ ಕಡೆಯ ಸೆಕ್ಯೂರಿಟಿಯವರು.

“ಏಳು. ಫಸ್ಟ್ ಹಾಫ್ ಸ್ಲೋ, ಸೆಕೆಂಡ್ ಹಾಫ್ ವೆರಿ ಮಚ್ ಡೇಂಜರ್ ರೀ.”

“ಹೋಗಿ, ಹೋಗಿ.”

ನನ್ನ ಹಿಂದೆ ಟೈ ಕಟ್ಟಿದವರೊಬ್ಬರಿದ್ದರು. “ನಂಬರ್ ಗೊತ್ತಿಲ್ಲ. ಮಗನ ಹೆಸರು ರೋಹಿತ್” ಎಂದರು.

ಪಟ್ಟಿ ನೋಡಿದ ಸೆಕ್ಯೂರಿಟಿಯವರು, “ಏಳನೇ ನಂಬರ್! ಅವನ ಅಪ್ಪ ಈಗಷ್ಟೇ ಹೋದ್ರಲ್ಲ?” ಎಂದು ಅವರನ್ನು ತಡೆದರು.

ನಾಚಿಕೆಯಾಗಿ ಗೇಟಿಗೆ ವಾಪಸ್ ಬಂದೆ. “ಖರೆ ಅಪ್ಪ ಇವರss. ನಾನು ಬರೇ ಫ್ಯಾನ್ ರೀ. ಹೋಗತೇನಿ.”

ಟೈ ಕಟ್ಟಿದವರು ನನ್ನ ಕೈ ಹಿಡಿದುಕೊಂಡರು. “ಇವರು ನಮ್ಮವರೇ” ಎಂದು ಒಳಗೆ ಕರೆದೊಯ್ದರು. ಮಗನ ಆಟ ನೋಡಲು ಅವರು ಬಂದದ್ದು ಇದೇ ಮೊದಲಂತೆ. ಆಟದುದ್ದಕ್ಕೂ ನಾನು ವಿವರಿಸಿದೆ, ಅವರು ತಲೆಯಾಡಿಸಿದರು.

ತಂಡ ಗೆದ್ದಿತು. “ಫೈನಲ್ಲಿಗೂ ಬನ್ನಿ. ಗೇಟಿನಲ್ಲಿ ಕೇಳಿದ್ರೆ ದೊಡ್ಡಪ್ಪ ಅನ್ನಿ” ಎಂದರು ರೋಹಿತನ ಅಪ್ಪ.

ಒಂದೇ ಆಟಕ್ಕೆ ಬಡ್ತಿ, ನೋಡಿ.