ಉಪ್ಪಿನ ಕೋಟೆಯ ಸವಾರರು ಮತ್ತು ಸುಹೈರಳ ಸಾರು

ವಗೀಹ್‌ಗೆ ನಿಂತಲ್ಲಿ ನಿಲ್ಲಲು ಬರುವುದಿಲ್ಲ. ಇಪ್ಪತ್ತಾರು ವರ್ಷದಿಂದ ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಟಿಕೆಟ್ ಹರಿಯುತ್ತಿರುವವನು. ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿ ತೂಗಾಡುತ್ತಲೇ ಮಾತಾಡುತ್ತಾನೆ. ಆ ವಸಂತದಲ್ಲಂತೂ ನನ್ನ ಅಂಗಡಿಯ ಮುಂದೆ ದಿನಕ್ಕೆ ಮೂರು ಸಲ ಬಂದು ತೂಗಾಡುತ್ತಿದ್ದ. ನೋಡಿ ನೋಡಿ ನನಗೇ ತಲೆ ಸುತ್ತು ಬರುತ್ತಿತ್ತು.

ನನ್ನದು ನಬಿ ದಾನಿಯಾಲ್ ಬೀದಿಯ ಹಳೇ ಪುಸ್ತಕದ ಗೂಡಂಗಡಿ. ತೀರಿಹೋದ ಗಂಡ ನನಗೆ ಉಳಿಸಿದ್ದು ಅದೊಂದೇ. ಮಾರುವುದಕ್ಕಿಂತ ಓದಲು ಬಾಡಿಗೆಗೆ ಕೊಡುವುದೇ ಹೆಚ್ಚು. ಅವನು ಮಾಡಿಟ್ಟ ಒಂದು ಕಟ್ಟಳೆಯನ್ನು ನಾನೂ ಬಿಟ್ಟಿಲ್ಲ. ಪ್ರತಿ ಪುಸ್ತಕದ ಕೊನೆಗೆ ಖಾಲಿ ಹಾಳೆಗಳನ್ನು ಅಂಟಿಸಿರುತ್ತೇವೆ. ಓದಿದವರು ಅಲ್ಲಿ ಅಭಿಪ್ರಾಯ ಬರೆದು ವಾಪಸು ಕೊಡಬೇಕು. ಬರೆಯದವರಿಗೆ ಮುಂದಿನ ಪುಸ್ತಕ ಇಲ್ಲ. ಪೊಲೀಸ್ ಅಧಿಕಾರಿಯ ಹೆಂಡತಿ ಬಂದು ಕಣ್ಣು ಬಿಟ್ಟರೂ ಇಲ್ಲ.

ವಗೀಹ್ ಹನ್ನೊಂದು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದ. ‘ಉಪ್ಪಿನ ಕೋಟೆಯ ಏಳು ಸವಾರರು.’ ಸಮುದ್ರದ ಮೇಲೆ ಓಡುವ ಕುದುರೆಗಳು, ಹೊಗೆಯ ಹಾವು, ಕತ್ತಿ ಹಿಡಿದ ಏಳು ವೀರರು, ಅವರ ನಾಯಕ ತಲಾಲ್. ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಿ, ಮೂರು ಪ್ರತಿ ತಂದು ನನ್ನ ಕೈಗಿಟ್ಟ. ಬರೆದವನು ಅವನೆಂದು ಬೀದಿಯಲ್ಲಿ ಗೊತ್ತಿದ್ದದ್ದು ನನಗೂ ಪಕ್ಕದ ಗಾಡಿಯ ಬಯ್ಯೂಮಿಗೂ ಮಾತ್ರ.

“ಎರಡನೇ ಭಾಗಾನೂ ಬರೆದಾಗಿದೆ ಅಕ್ಕ. ವಸಂತದ ಹಬ್ಬದೊಳಗೆ ಹತ್ತು ಜನ ‘ಮುಂದೇನಾಯ್ತು’ ಅಂತ ಕೇಳ್ಬೇಕು. ಕೇಳ್ಲಿಲ್ಲ ಅಂದ್ರೆ ಅದನ್ನ ಬಯ್ಯೂಮಿಗೆ ಕೊಟ್ಟುಬಿಡ್ತೀನಿ.”

ಬಯ್ಯೂಮಿ ನನ್ನ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಉಪ್ಪು ಹಾಕಿ ಬೇಯಿಸಿದ ತಿರ್ಮಿಸ್ ಕಾಳು ಮಾರುವ ಮುದುಕ. ಸಿಕ್ಕ ಕಾಗದವನ್ನೆಲ್ಲ ಹರಿದು ಪೊಟ್ಟಣ ಸುತ್ತುತ್ತಾನೆ. ವಗೀಹ್ ಮಾತು ಕೇಳಿ ಅವನು, “ಹಾಳೆ ದಪ್ಪ ಇದೆ ತಾನೇ ಉಸ್ತಾದ್? ತೆಳ್ಳಗಿದ್ರೆ ನೀರು ಸೋರುತ್ತೆ,” ಎಂದ. ವಗೀಹ್ ನಗಲಿಲ್ಲ. ನನಗೂ ಆಗ ಭಯವಾಯಿತು. ಇವನು ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಮಾಡಿಬಿಡುತ್ತಾನೆ ಅನ್ನಿಸಿತು.

ಅಭಿಪ್ರಾಯಗಳು ಬಂದವು. ನಿವೃತ್ತ ಹವಾಲ್ದಾರನೊಬ್ಬ ಬರೆದ: “ಏಳು ಜನವೂ ಒಟ್ಟಿಗೆ ಮಲಗುತ್ತಾರೆ. ಕಾವಲಿಗೆ ಯಾರು? ಇಂಥ ಪಡೆಯನ್ನು ನಾನು ಒಂದೇ ಬೆಳಿಗ್ಗೆ ಹಿಡಿದುಹಾಕುತ್ತಿದ್ದೆ.” ಔಷಧಿ ಅಂಗಡಿಯಾಕೆ ಬರೆದಳು: “ಕುದುರೆಗಳು ಸಮುದ್ರದ ನೀರು ಕುಡಿಯುತ್ತವೆ. ಹೊಟ್ಟೆ ಕೆಡುವುದಿಲ್ಲವೇ?” ಕಾಲೇಜು ಹುಡುಗನೊಬ್ಬ ಮಾತ್ರ, “ಹೊಗೆಯ ಹಾವು ಬರುವ ತನಕ ಬೇಜಾರು. ಬಂದ ಮೇಲೆ ಊಟ ಮರೆತೆ. ಮುಂದೇನಾಯಿತು?” ಎಂದು ಬರೆದಿದ್ದ. ವಗೀಹ್ ಆ ಹಾಳೆಗೆ ಮುತ್ತು ಕೊಟ್ಟ. ಆದರೆ ಹಬ್ಬಕ್ಕೆ ಎರಡು ವಾರ ಉಳಿದಾಗ ಹಾಗೆ ಕೇಳಿದವರು ನಾಲ್ಕೇ ಜನ. ವಗೀಹ್ ಪಾಳಿ ಮುಗಿಯುವ ತನಕವೂ ತಡೆಯಲಾರದೆ, ಟ್ರಾಮು ರಮ್ಲ್ ನಿಲ್ದಾಣದಲ್ಲಿ ನಿಂತ ಹತ್ತು ನಿಮಿಷದಲ್ಲೇ ಏದುಸಿರು ಬಿಡುತ್ತ ಓಡಿಬರುತ್ತಿದ್ದ.

“ಯಾರಾದ್ರೂ ಬರೆದ್ರಾ?”

“ಬೆಳಿಗ್ಗೆಯಿಂದ ಮೂರನೇ ಸಲ ಕೇಳ್ತಿದ್ದೀರಿ ಉಸ್ತಾದ್. ಇದು ಪುಸ್ತಕದ ಅಂಗಡಿ, ಹೆರಿಗೆ ಆಸ್ಪತ್ರೆ ಅಲ್ಲ.”

ಒಂದು ದಿನ “ಹೊಲಿಗೆ ಬಿಚ್ಚಿದ್ಯಾ ನೋಡ್ತೀನಿ” ಎಂದು ಒಂದು ಪ್ರತಿ ತೆಗೆದುಕೊಂಡು ಹೋದ. ಅದು ಮರಳಿದಾಗ ಹೊಸ ಅಭಿಪ್ರಾಯವೊಂದು ಕೂತಿತ್ತು:

“ಇಂಥ ಕಾದಂಬರಿ ನನ್ನ ಜನ್ಮದಲ್ಲಿ ಓದಿಲ್ಲ. ಒಲೆಯ ಮೇಲೆ ಮೊಲೊಖಿಯಾ ಸೊಪ್ಪಿನ ಸಾರಿಟ್ಟು ಓದಲು ಕೂತೆ. ಸೇತುವೆಯ ಕಾಳಗ ಮುಗಿಯುವ ಹೊತ್ತಿಗೆ ಸೊಪ್ಪು ಅರ್ಧ ಗಂಟೆ ಚೆನ್ನಾಗಿ ಕುದಿದು ಹದಕ್ಕೆ ಬಂದಿತ್ತು. ತಲಾಲನಿಗಾಗಿ ನಲವತ್ತು ವರ್ಷ ಮಾತಿಲ್ಲದೆ ಕಾಯುವ ಗೋಪುರದ ಹೆಂಗಸು ನಮಗೆಲ್ಲ ಆದರ್ಶ. ಎರಡನೇ ಭಾಗ ಬೇಗ ಬರಲಿ. — ಸುಹೈರ್, ಗೃಹಿಣಿ.”

ತೂಗಾಡುವ ಟ್ರಾಮಿನಲ್ಲಿ ನಿಂತು ಬರೆದ ವಕ್ರ ಅಕ್ಷರ. ಸುಹೈರ್ ಎನ್ನುವವಳಿಗೆ ನಾನು ಪುಸ್ತಕವನ್ನೇ ಕೊಟ್ಟಿರಲಿಲ್ಲ. ನಗು ಬಂತು, ಅದಕ್ಕಿಂತ ಹೆಚ್ಚು ಕನಿಕರ ಬಂತು. ಎಡವಟ್ಟು ಕಣ್ಣಿಗೆ ಬಿದ್ದಿತ್ತು, ಆದರೆ ಹೇಳುವುದು ಹೇಗೆ? ಮೊಲೊಖಿಯಾವನ್ನು ಕುದಿಸುವವರುಂಟೇ! ಸೊಪ್ಪು ಹಾಕಿ ಬಿಸಿಯೇರುತ್ತಲೇ ಇಳಿಸಬೇಕು. ಆಮೇಲೆ ಬೆಳ್ಳುಳ್ಳಿ ಒಗ್ಗರಣೆ ಸುರಿಯುವಾಗ ‘ಹಾ!’ ಎಂದು ಗಟ್ಟಿಯಾಗಿ ಉಸಿರೆಳೆಯಬೇಕು. ಅದಿಲ್ಲದಿದ್ದರೆ ಸಾರಿಗೆ ರುಚಿ ಇಲ್ಲ ಎಂದು ನಮ್ಮ ತಾಯಂದಿರು ಕಲಿಸಿದ್ದಾರೆ.

ಬೀದಿಯ ಹೆಂಗಸರು ಬಿಡುತ್ತಾರೆಯೇ? ಸುಹೈರಳ ಸುದ್ದಿ ಹಬ್ಬಿ ಮೂರು ಪ್ರತಿಗೂ ಎಳೆದಾಟ ಶುರುವಾಯಿತು. “ಸುಹೈರ್ ಅವರೇ, ಆ ಸಾರು ಉಂಡವರು ಬದುಕಿದ್ದಾರಾ?” ಎಂದು ಒಬ್ಬಳು ಬರೆದಳು. “ಸೊಪ್ಪೆಲ್ಲ ತಳಕ್ಕೆ, ನೀರೆಲ್ಲ ಮೇಲಕ್ಕೆ. ನಮ್ಮತ್ತೆಯಾಗಿದ್ದರೆ ಪಾತ್ರೆ ಸಮೇತ ತವರಿಗೆ ಕಳಿಸುತ್ತಿದ್ದರು,” ಎಂದು ಇನ್ನೊಬ್ಬಳು. ಏಳು ಸವಾರರು ಎತ್ತ ಹೋದರೆಂದು ಕೇಳುವವರೇ ಇಲ್ಲ. ವಗೀಹ್ ಓದಿ ಓದಿ ಉಗುರು ಕಚ್ಚುತ್ತಿದ್ದ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವನು ಬಂದಾಗ ಕೊನೆಯ ಅಭಿಪ್ರಾಯ ಹೀಗಿತ್ತು:

“ಈ ಸುಹೈರ್ ಗಂಡಸು. ಹನ್ನೊಂದು ವರ್ಷದಿಂದ ಅಡುಗೆಮನೆಯಲ್ಲೇ ಕೂತಿದ್ದಾನೆ, ಒಲೆಗೆ ಬೆನ್ನು ಹಾಕಿ. ಪುಸ್ತಕದಲ್ಲಿ ಏಳೂ ಕುದುರೆಗಳಿಗೆ ಹೆಸರಿದೆ. ಗೋಪುರದಲ್ಲಿ ಕೂತವಳಿಗೆ ಹೆಸರಿಲ್ಲ.”

ಅವನ ತೂಗಾಟ ನಿಂತಿತು. ಅವನು ಅಲುಗಾಡದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

“ಇದನ್ನ ಯಾರು ಬರೆದ್ರು ಅಕ್ಕ?”

“ಹೆಸರು ಗೊತ್ತಿಲ್ಲ. ನೀವು ಪಾಳಿಯಲ್ಲಿರೋವಾಗ ಬರ್ತಾರೆ. ಬೂದು ಬಣ್ಣದ ತಲೆವಸ್ತ್ರ, ಕೈಯಲ್ಲಿ ತರಕಾರಿ ಚೀಲ. ನಿಮ್ಮ ಪುಸ್ತಕ ಎರಡು ಸಲ ಓದಿದ್ದಾರೆ.”

“ನನ್ನ ಮೇಜು ಕಿಟಕಿ ಕಡೆಗಿದೆ,” ಎಂದ ಮೆಲ್ಲಗೆ. “ಒಲೆ ಹಿಂದಿದೆ. ಇದು ಅವಾತಿಫ್. ನನ್ನ ಹೆಂಡ್ತಿ.”

ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಟ. ಒಂದು ಗಂಟೆಯೊಳಗೆ ಮರಳಿದಾಗ ಕಂಕುಳಲ್ಲಿ ದಾರ ಕಟ್ಟಿದ ದಪ್ಪ ಕಟ್ಟು. ನನ್ನತ್ತ ನೋಡದೆ ನೇರವಾಗಿ ಗಾಡಿಯ ಮೇಲಿಟ್ಟ. “ತಗೋ ಚಿಕ್ಕಪ್ಪ. ಸುತ್ತು.”

“ಉಸ್ತಾದ್, ಹುಚ್ಚು ಹಿಡೀತಾ ನಿಮ್ಗೆ?” ಎಂದು ನಾನು ಕೂಗಿಕೊಂಡೆ. ಹಬ್ಬದ ಗಿರಾಕಿಗಳು ಮುತ್ತಿದ್ದರು; ಬಯ್ಯೂಮಿಯ ಬಳಿ ಕಾಗದ ಮುಗಿದಿತ್ತು. ಅವನು ನನ್ನ ಮುಖ ನೋಡಿದ, ವಗೀಹ್‌ನ ಮುಖ ನೋಡಿದ, ದಾರ ಬಿಚ್ಚಿದ. ಮೊದಲ ಹಾಳೆ ಪೊಟ್ಟಣವಾಗಿ ಹೋಯಿತು.

ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬೂದು ತಲೆವಸ್ತ್ರದ ಹೆಂಗಸು ಜನರನ್ನು ಸರಿಸಿಕೊಂಡು ಬಂದಳು. ಕೈಯಲ್ಲಿ ಇನ್ನೂ ಚೂರಿಯಿತ್ತು. ಸೊಪ್ಪು ಹೆಚ್ಚುತ್ತಿದ್ದವಳು ಹಾಗೆಯೇ ಓಡಿಬಂದಿದ್ದಳು. ಬಯ್ಯೂಮಿ ಚೂರಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಮೇಜು ಖಾಲಿ ಇತ್ತು,” ಎಂದಳು ಗಂಡನಿಗೆ. “ನಾನು ಕೇಳಿದ್ದು ಒಂದು ಹೆಸರು. ನೀನು ಇಡೀ ಪುಸ್ತಕಾನೇ ಹರಿದುಹಾಕ್ತೀಯಾ?”

“ಹನ್ನೊಂದು ವರ್ಷ ನೀನು ಒಂದು ಮಾತೂ ಆಡ್ಲಿಲ್ಲ ಅವಾತಿಫ್. ಚೆನ್ನಾಗಿದೆ ಅನ್ಲಿಲ್ಲ, ಚೆನ್ನಾಗಿಲ್ಲ ಅನ್ಲಿಲ್ಲ.”

“ನೀನು ಕೇಳ್ಲಿಲ್ಲ. ಹವಾಲ್ದಾರನ್ನ ಕೇಳ್ದೆ, ಔಷಧಿ ಅಂಗಡಿಯವಳನ್ನ ಕೇಳ್ದೆ. ಇಲ್ಲದಿರೋ ಸುಹೈರ್‌ನ ಹುಟ್ಟಿಸಿ ಅವಳನ್ನೂ ಕೇಳ್ದೆ. ನನ್ನ ಕೇಳಿದ್ಯಾ?”

ಗಿರಾಕಿಗಳೆಲ್ಲ ಕಾಳು ತಿನ್ನುವುದನ್ನು ನಿಲ್ಲಿಸಿದ್ದರು. ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಅಕ್ಕ, ನಿಮ್ಮಂಗಡಿ ಕಟ್ಟಳೆ ಏನು?”

“ಅಭಿಪ್ರಾಯ ಬರೆದವರಿಗೆ ಮುಂದಿನ ಪುಸ್ತಕ.”

“ನಾನು ಬರೆದಿದ್ದೀನಿ.”

ನನ್ನ ಗಂಡ ಈ ಕಟ್ಟಳೆ ಮಾಡಿದ್ದಕ್ಕೆ ನನಗೆ ಆ ದಿನ ಆದಷ್ಟು ಹೆಮ್ಮೆ ಎಂದೂ ಆಗಿಲ್ಲ. ಗಾಡಿಯ ಮೇಲಿನ ಕಟ್ಟನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಮೊದಲ ಹಾಳೆಗಾಗಿ ವಗೀಹ್ ತಿರ್ಮಿಸ್ ಕೊಂಡವನ ಹಿಂದೆ ಓಡಿ, ಟಿಕೆಟ್ಟಿಗೆ ಕೈಚಾಚುವಂತೆ ಕೈಚಾಚಿ, ಉಪ್ಪುನೀರಲ್ಲಿ ನೆಂದ ಕಾಗದವನ್ನು ತಂದ.

“ಗೋಪುರದವಳಿಗೇನು ಹೆಸರಿಡ್ಲಿ?” ಎಂದು ಕೇಳಿದ.

“ಮೊದ್ಲು ಮನೆಗೆ ಬಂದು ಆ ಮೇಜು ತಿರುಗಿಸು,” ಎಂದಳು.

ಇದೆಲ್ಲ ಆಗಿ ಎರಡು ವರ್ಷವಾಯಿತು. ವಗೀಹ್ ಈಗಲೂ ಬಂದು ತೂಗಾಡುತ್ತಾನೆ, ಬೆಳ್ಳುಳ್ಳಿ ಒಗ್ಗರಣೆಯ ಬಗ್ಗೆ ನನಗೇ ಪಾಠ ಹೇಳುತ್ತಾನೆ. ಎರಡನೇ ಭಾಗ ಮಾತ್ರ ಇನ್ನೂ ನನ್ನ ಅಂಗಡಿಗೆ ಬಂದಿಲ್ಲ. ಕೇಳಿದರೆ, ಗೋಪುರದಿಂದ ಇಳಿದವಳು ಮೂರು ಅಧ್ಯಾಯಗಳನ್ನು ಮತ್ತೆ ಬರೆಯಲು ಹೇಳಿದ್ದಾಳೆ ಅನ್ನುತ್ತಾನೆ.