ಪೈಪಿನೊಳಗಿನ ಬಿಳಿಗಲ್ಲು

ಹುನ್ನೂರಿನ ಮಾಳಿಂಗರಾಯನಿಗೆ ಈಗ ಐವತ್ತೆರಡು. ಇಪ್ಪತ್ತೇಳು ವರ್ಷಗಳಿಂದ ಅವನದು ಒಂದೇ ಕೆಲಸ: ಕೊಳವೆಬಾವಿಗಳ ಪಂಪು, ಪೈಪುಗಳನ್ನು ಮೇಲೆತ್ತುವುದು, ರಿಪೇರಿ ಮಾಡಿ ಮತ್ತೆ ಇಳಿಸುವುದು. ಜಮಖಂಡಿಯಿಂದ ಮುಧೋಳದವರೆಗೆ ಪೈಪೆತ್ತುವ ಅವನ ಸರಪಳಿ ಇಳಿಯದ ಹೊಲ ಕಡಿಮೆ.

ಈ ಸೀಮೆಯ ನೀರಿನಲ್ಲಿ ಸುಣ್ಣ ಹೆಚ್ಚು. ವರ್ಷಗಟ್ಟಲೆ ನೀರೆತ್ತಿದ ಪೈಪಿನೊಳಗೆ ಬಿಳಿ ಕಲ್ಲು ಬೆಳೆಯುತ್ತದೆ. ಉಳಿ ಹಾಕಿ ಕೆತ್ತಿದರೆ ದಪ್ಪ ಬಳೆಯ ಚೂರಿನಂಥ ತುಂಡುಗಳು ಬರುತ್ತವೆ. ಉಳಿದವರು ಅದನ್ನು ಬದುವಿಗೆ ಎಸೆಯುತ್ತಾರೆ. ಮಾಳಿಂಗರಾಯ ಮಾತ್ರ ಪ್ರತಿ ಬಾವಿಯದೊಂದು ತುಂಡನ್ನು ಮನೆಗೆ ತರುತ್ತಿದ್ದ. ಬಾವಿ ಯಾರದು, ಪೈಪು ಇಳಿಸಿದ್ದು ಯಾವಾಗ, ಎತ್ತಿದ್ದು ಯಾವಾಗ ಎಂದು ಮೊಳೆಯಿಂದ ಗೀಚಿ ಹಿತ್ತಲ ಗೋಡೆಗುಂಟ ಜೋಡಿಸುತ್ತಿದ್ದ. ನೋಡಲು ಚೆಂದ, ಅಷ್ಟೇ. ಬಟ್ಟೆ ಒಣಹಾಕಲು ಅಡ್ಡವೆಂದು ಹೆಂಡತಿ ಶೇವಂತಿ ಎರಡು ಸಲ ಅವನ್ನೆಲ್ಲ ಬುಟ್ಟಿಗೆ ತುಂಬಿದ್ದಳು. ಎರಡು ಸಲವೂ ಆತ ಮತ್ತೆ ಜೋಡಿಸಿದ್ದ.

ಕಳೆದ ವರ್ಷದ ಬೇಸಿಗೆಯಲ್ಲಿ ಅವನ ತಮ್ಮನ ಮಗಳು ಪ್ರೀತಿ ರಜೆಗೆ ಬಂದಳು. ರಾಜಸ್ಥಾನದಲ್ಲಿ ಎಣ್ಣೆಬಾವಿಗಳ ನೀರು ಪರೀಕ್ಷಿಸುವ ಕೆಲಸ ಅವಳದು. ಚಹಾ ಹಿಡಿದು ಹಿತ್ತಲಿಗೆ ಬಂದವಳು ಕಲ್ಲುಗಳ ಮುಂದೆ ಕೂತೇಬಿಟ್ಟಳು. ಎಣ್ಣೆಯ ಜೊತೆ ನೆಲದಾಳದ ನೀರೂ ಬರುತ್ತದೆ, ಮೇಲೇರುವಾಗ ಒತ್ತಡ ಇಳಿದು ಅದರಲ್ಲಿ ಕರಗಿದ ಸುಣ್ಣ ಹೀಗೆಯೇ ಕಲ್ಲಾಗುತ್ತದೆ, ಯಾವ ಬಾವಿ ಯಾವಾಗ ಕಟ್ಟಿಕೊಂಡೀತೆಂದು ನಾವು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇವೆ ಎಂದು ವಿವರಿಸಿದಳು.

“ದೊಡ್ಡಪ್ಪಾ, ನಾವು ಹುಡುಕೂ ಲೆಕ್ಕಾನ ನೀ ಗ್ವಾಡಿಗೆ ಹಚ್ಚಿ ಇಟ್ಟೀಯಲ್ಲ,” ಎಂದಳು.

ಇಬ್ಬರೂ ನಾಲ್ಕು ದಿನ ಕೂತು ಒಂದೊಂದೇ ತುಂಡಿನ ದಪ್ಪ ಅಳೆದರು, ವರ್ಷಗಳಿಂದ ಭಾಗಿಸಿದರು, ಪೈಪು ಮರಳಿ ಇಳಿಸಿದಂದಿನಿಂದ ಈಗ ಎಷ್ಟು ಕಟ್ಟಿರಬೇಕೆಂದು ಲೆಕ್ಕ ಹಾಕಿದರು. ಕೆಲವು ಬಾವಿಗಳಲ್ಲಿ ಹತ್ತು ವರ್ಷಕ್ಕೂ ಚಿಂತೆಯಿರಲಿಲ್ಲ. ಮುಧೋಳ ರಸ್ತೆಯ ಗಿರಿಮಲ್ಲಪ್ಪನ ಬಾವಿ ಮಾತ್ರ ದೀಪಾವಳಿ ದಾಟುವಂತಿರಲಿಲ್ಲ.

ಮಾಳಿಂಗರಾಯ ಮೋಟರ್ ಸೈಕಲ್ ಹತ್ತಿ ಹೋಗಿ ಹಾಗೆಂದು ಹೇಳಿದ. ಗಿರಿಮಲ್ಲಪ್ಪ ನಕ್ಕು, ನೀರು ಚೆನ್ನಾಗಿಯೇ ಬರುತ್ತಿದೆ, ಕೆಲಸವಿಲ್ಲದಿದ್ದರೆ ಮಜ್ಜಿಗೆ ಕುಡಿದು ಹೋಗು ಎಂದ. ಮಾಳಿಂಗರಾಯ ಮಜ್ಜಿಗೆ ಕುಡಿದು ಬಂದ.

ದೀಪಾವಳಿಗೆ ಹನ್ನೊಂದು ದಿನವಿರುವಾಗ ಆ ಬಾವಿಯ ಧಾರೆ ಬೆರಳಿನಷ್ಟಾಯಿತು. ಅಂತರ್ಜಲ ಬತ್ತಿದೆ, ಹೊಸದು ಕೊರೆಸಿ ಎನ್ನುತ್ತ ಕೊರೆಯುವ ಲಾರಿಯ ಏಜೆಂಟ್ ಬಂದು ನೀರಿನ ಸೆಲೆ ನೋಡಲು ಹೊಲದಲ್ಲಿ ತೆಂಗಿನಕಾಯಿ ಹಿಡಿದು ಓಡಾಡತೊಡಗಿದ. ಸುದ್ದಿ ತಿಳಿದ ಮಾಳಿಂಗರಾಯ ಜೊತೆಗಾರರನ್ನು ಕರೆದುಕೊಂಡೇ ಹೋದ.

“ಒಂದ ದಿನ ಕೊಡ್ರಿ ಗೌಡ್ರ. ನೀರ ಹೋಗಿಲ್ರಿ, ಅದರ ದಾರಿ ಕಟ್ಟೇತಿ.”

ಗಿರಿಮಲ್ಲಪ್ಪ ಒಪ್ಪಿದ. ಬೆಳಿಗ್ಗೆಯಿಂದ ಒಂದೊಂದೇ ಪೈಪು ಮೇಲೆ ಬಂತು. ಮೂರಿಂಚಿನ ಪೈಪಿನೊಳಗೆ ಗಿರಿಮಲ್ಲಪ್ಪ ಹೆಬ್ಬೆರಳು ತೂರಿಸಿ ನೋಡಿದ, ಅಲ್ಲೇ ಸಿಕ್ಕಿಕೊಂಡಿತು. ಏಜೆಂಟ್ ತೆಂಗಿನಕಾಯಿ ಸಮೇತ ಹೊರಟುಹೋದ.

ಕೆತ್ತಿ, ತೊಳೆದು, ಪಂಪು ಇಳಿಸಿ ಮರುದಿನ ಸಂಜೆ ಗುಂಡಿ ಒತ್ತಿದರು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಸುಣ್ಣದ ಬಿಳಿ ನೀರು, ಆಮೇಲೆ ಪೈಪು ತುಂಬಿದ ತಿಳಿಧಾರೆ. ಅರವತ್ತು ದಾಟಿದ ಗಿರಿಮಲ್ಲಪ್ಪ ತಲೆಗೆ ಸುತ್ತಿದ ಪಟಕಾ ಬಿಚ್ಚಿಟ್ಟು ಅದರ ಕೆಳಗೆ ನಿಂತುಬಿಟ್ಟ. ಮೈಯೆಲ್ಲ ತೊಯ್ದವನೇ ಮಾಳಿಂಗರಾಯನನ್ನೂ ಕೈಹಿಡಿದು ಎಳೆದುಕೊಂಡ.

ಈಗ ತೇರದಾಳ, ಬೀಳಗಿ ಕಡೆಯಿಂದಲೂ ಜನ ಅವನಿಗೆ ಫೋನು ಮಾಡಿ ತಮ್ಮ ಬಾವಿ ಕಟ್ಟಿಕೊಳ್ಳುವ ಪಾಳಿ ಯಾವಾಗ ಎಂದು ಕೇಳುತ್ತಾರೆ. ಪಂಪನ್ನು ಪೂರ್ತಿ ಜೋರಿನಲ್ಲಿ ಓಡಿಸದಿದ್ದರೆ ಕಲ್ಲು ನಿಧಾನ ಬೆಳೆಯುತ್ತದೆಂದು ಪ್ರೀತಿ ಹೇಳಿಕೊಟ್ಟದ್ದನ್ನು ಅವನು ಎಲ್ಲರಿಗೂ ಹೇಳುತ್ತಾನೆ. ಇದರಿಂದ ನಿನ್ನ ಕೆಲಸವೇ ಕಡಿಮೆಯಾದೀತಲ್ಲ ಎಂದು ಶೇವಂತಿ ಅಂದಳು. ಆಗಲಿ, ಬೆನ್ನಿಗೂ ವಯಸ್ಸಾಗಿದೆ ಎಂದ.

ಮೊನ್ನೆ ಪ್ರೀತಿಯ ಫೋನು ಬಂದಿತ್ತು. ಅವಳ ಕಡೆಯ ಎಣ್ಣೆಬಾವಿಯೊಂದು ಲೆಕ್ಕ ತಪ್ಪಿಸಿ ಹದಿನೈದು ದಿನ ಮೊದಲೇ ಕಟ್ಟಿಕೊಂಡಿತ್ತಂತೆ.

“ಸರಪಳಿ ತೊಗೊಂಡು ಬರ್ಲೇನ ಮತ್ತ?” ಎಂದು ಮಾಳಿಂಗರಾಯ ಗಂಭೀರವಾಗಿ ಕೇಳಿದ. ಆ ಕಡೆ ಅವಳು ನಗುವುದು ಅಂಗಳದಲ್ಲಿದ್ದ ಶೇವಂತಿಗೂ ಕೇಳಿಸಿತು.