ಹರಿಗೋಲಿನಲ್ಲಿ ಕೂತ ಹಂಪವ್ವ

ಹರಿಹರದ ಹೊಳೆದಂಡೆಯ ಹಂಪವ್ವ ಓದಿದ್ದು ಎರಡನೇ ಕ್ಲಾಸು. ಗಂಡ ಮಲ್ಲೇಶಪ್ಪ ಹರಿಗೋಲು ಹಾಕುತ್ತಿದ್ದ. ಅದಕ್ಕೆ ಬಿದಿರು ಸೀಳಿಕೊಡುವವಳು ಇವಳೇ, ಡಾಂಬರು ಬಳಿಯುವವಳೂ ಇವಳೇ. ಹದಿನೆಂಟು ವರ್ಷ ಹಾಗೇ ಬದುಕಿದರು. ಹೊಳೆ ಕೆಂಪಗೆ ತುಂಬಿ ಬಂತೆಂದರೆ ಹರಿಗೋಲು ಮಗುಚಿಟ್ಟು ಇಬ್ಬರೂ ಕೂಲಿಗೆ ಹೋಗುತ್ತಿದ್ದರು.

ತೊಂಬತ್ತೇಳರ ಆಷಾಢದಲ್ಲಿ, ದಾವಣಗೆರೆಯಲ್ಲಿ ಡಾಕ್ಟರಿಕೆ ಓದುತ್ತಿದ್ದ ಮಲೇಷ್ಯಾದ ಹುಡುಗನೊಬ್ಬ ಬಂದು, ತುಂಬಿದ ಹೊಳೆಯಲ್ಲಿ ಒಂದು ಸುತ್ತು ಹಾಕಿಸು ಎಂದು ಕಾಡಿದ. ಮಲ್ಲೇಶಪ್ಪ ಯಾರಿಗೂ ಇಲ್ಲ ಅನ್ನುವವನಲ್ಲ. ಹೋದ, ಬಂದ. ಹುಡುಗ ಫೋಟೋ ತೆಗೆದ. ಓದು ಮುಗಿಸಿ ಊರಿಗೆ ಹೋಗುವ ಮೊದಲು ಅದನ್ನು ಇಂಟರ್‌ನೆಟ್ಟಿಗೆ ಹಾಕಿದ. ಪರದೇಶದಿಂದ ಓದಲು ಬಂದವರು ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂದು ಒಬ್ಬರಿಗೊಬ್ಬರು ಬರೆದು ಹಾಕುವ ಪುಟವಂತೆ. ಮಳೆಗಾಲದಲ್ಲೇ ಹೋಗಿ, ಈ ಮನುಷ್ಯನನ್ನೇ ಕೇಳಿ ಎಂದು ಬರೆದಿದ್ದ.

ಮೈಸೂರಿನಿಂದಲೂ ಅಂಥ ಪರದೇಶದ ಹುಡುಗರು ಬಂದರು. ಎಲ್ಲರ ಕೈಯಲ್ಲೂ ಆ ಚಿತ್ರ ಅಚ್ಚಾದ ಹಾಳೆ. ಹೊಳೆ ಇಳಿದಾಗ ಬನ್ನಿ ಎಂದರೆ ಕೇಳುತ್ತಿರಲಿಲ್ಲ. ಚಿತ್ರದಲ್ಲಿದ್ದ ನೀರೇ ಬೇಕು. ಮರುವರ್ಷದ ಶ್ರಾವಣದಲ್ಲಿ ಹರಿಗೋಲು ಸುಳಿಗೆ ಸಿಕ್ಕಿತು. ಮಲ್ಲೇಶಪ್ಪ ಹುಡುಗರಿಬ್ಬರನ್ನು ದಂಡೆಗೆ ದೂಡಿದ. ತಾನು ಬರಲಿಲ್ಲ. ಮೂರನೇ ದಿನ ಹೆಣ ಸಿಕ್ಕಿತು.

ಸತ್ತ ಮೇಲೂ ಅವನನ್ನು ಕೇಳಿಕೊಂಡು ಬರುವುದು ನಿಲ್ಲಲಿಲ್ಲ. ಮುಂದಿನ ಮಳೆಗಾಲಕ್ಕೆ ಮೈದುನ ಹರೀಶ ಹುಟ್ಟು ಹಿಡಿದ.

ಹಂಪವ್ವ ಬಸ್ಸು ಹತ್ತಿ ದಾವಣಗೆರೆಗೆ ಹೋದಳು. ವಿದ್ಯಾನಗರದ ಕಂಪ್ಯೂಟರ್ ಅಂಗಡಿಯ ಖಾಜಾ ಹುಸೇನ್ ಚಿತ್ರ ತೆಗೆದು ತೋರಿಸಿದ. ಗಂಡ ನಗುತ್ತಿದ್ದ.

“ಅಳಸಪ್ಪ ಇದನ್ನ.”

“ನನ್ ಕೈಯಾಗಿಲ್ಲಮ್ಮ. ಹಾಕಿದೋನೇ ತೆಗೀಬೇಕು. ಸಾವಿನ ಸುದ್ದಿ ಕೇಳಿದಾಗಿಂದ ಅವನಿಗೆ ಮೂರು ಸಲ ಬರದೆ, ಜವಾಬಿಲ್ಲ.”

“ಸತ್ತಾನ ಅಂತನಾರ ಅದರ ಕೆಳಗ ಬರಿ.”

“ಬರದೀನಿ, ಇಲ್ಲೈತೆ ನೋಡ್ರಿ. ಚಿತ್ರ ನೋಡ್ತಾರಮ್ಮ. ಕೆಳಗಿಂದು ಯಾರ್ ಓದ್ತಾರೆ?”

ಮಲ್ಲೇಶಪ್ಪ ಸತ್ತು ವರ್ಷ ತುಂಬಲು ಇನ್ನೂ ತಿಂಗಳಿರುವಾಗ ಒಂದು ಭಾನುವಾರ ಐದು ಹುಡುಗರು ಬಂದರು. ಹರೀಶ ಹರಿಗೋಲನ್ನು ನೀರಿನತ್ತ ಎಳೆದ.

“ಬ್ಯಾಡೋ ಹರೀಶ. ನಿಮ್ಮಣ್ಣಗಿಂತ ಜಾಣ ಏನು ನೀನು?”

“ಅಣ್ಣಗೆ ವಯಸ್ಸಾಗಿತ್ತು, ಅತ್ಗೆಮ್ಮ. ಅಷ್ಟು ದೂರದಿಂದ ಬಂದಾರ, ಹೆಂಗೆ ಕಳಿಸ್ಲಿ? ನೀನು ಮನೀಗ್ ಹೋಗಿ ರೊಟ್ಟಿ ಬಡಿ.”

ಹಂಪವ್ವ ಹೋಗಿ ಹರಿಗೋಲಿನೊಳಗೆ ಕೂತಳು.

ದಂಡೆಯಲ್ಲಿದ್ದವರೆಲ್ಲ ಬಾಯಿಗೆ ಕೈ ಇಟ್ಟುಕೊಂಡರು. ಹೊಳೆಗೆ ಗಂಡನನ್ನು ಕೊಟ್ಟವಳು ವರ್ಷ ತುಂಬುವವರೆಗೆ ಹರಿಗೋಲು ಮುಟ್ಟುವಂತಿಲ್ಲ. ಮುಟ್ಟಿದರೆ ಆ ಮಳೆಗಾಲ ಮುಗಿಯುವ ತನಕ ಅಲ್ಲಿನ ಅಂಬಿಗರು ಅದನ್ನು ನೀರಿಗೆ ಇಳಿಸುವುದಿಲ್ಲ.

ಹರೀಶ ಹುಟ್ಟನ್ನು ಕೆಸರಿಗೆ ಎಸೆದ. “ಮನಿ ಹಾಳು ಮಾಡಿದಿ!”

“ಹಾಳಾಗ್ಲಿ. ನೀನು ಇರು.”

ಹುಡುಗರಿಗೆ ಏನೂ ತಿಳಿಯಲಿಲ್ಲ. ಹಾಳೆ ಹಿಡಿದುಕೊಂಡು ಪಕ್ಕದ ಅಂಬಿಗ ತಿಪ್ಪೇರುದ್ರಪ್ಪನ ಕಡೆ ನಡೆದರು. ಅವನು ಮಗುಚಿಟ್ಟ ಹರಿಗೋಲನ್ನು ಎತ್ತಿ ನಿಲ್ಲಿಸತೊಡಗಿದ. ಹಂಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತ ಓಡಿದಳು.

“ಏ, ಮುಟ್ಟಬ್ಯಾಡ ಹಂಪವ್ವ! ನಿನ್ನ ಕಾಲಿಗ್ ಬೀಳ್ತೀನಿ!”

ಅವಳು ಅಷ್ಟರಲ್ಲಿ ಒಂದು ಕಾಲು ಒಳಗಿಟ್ಟಿದ್ದಳು. ದಂಡೆಯಲ್ಲಿ ಇನ್ನೂ ಮೂರು ಹರಿಗೋಲು ಇದ್ದವು. ಅವುಗಳ ಯಜಮಾನರು ಕೂಗುತ್ತ ಓಡಿಬರುತ್ತಿದ್ದರು. ಅವರಿಗಿಂತ ಮೊದಲು ಮುಟ್ಟಬೇಕೆಂದು ಅವಳೂ ಓಡಿದಳು.